ಅಷ್ಟಮಿಯ ನೀರು

ಮೀನುಗಿಡುಗದ ಒಳ್ಳೆಯ ಫೋಟೋ ಸಿಗಬೇಕಾದರೆ ಮೂರು ಸಂಗತಿಗಳು ಒಂದೇ ದಿನ ಕೂಡಿ ಬರಬೇಕು ಎಂದು ರೋಷನ್ ಭಾವ ಹೇಳುತ್ತಿದ್ದರು. ಗೂಡಿನಲ್ಲಿ ಮರಿಗಳಿರಬೇಕು, ಆದರೆ ಹಾರುವಷ್ಟು ಬೆಳೆದಿರಬಾರದು. ಬಿಸಿಲು ಇನ್ನೂ ಓರೆಯಾಗಿರುವಾಗಲೇ ಹಿನ್ನೀರಿಗೆ ಭರತದ ನೀರು ಏರತೊಡಗಬೇಕು. ಏರುವ ನೀರಿನ ಜೊತೆ ಮೀನು ಒಳಗೆ ಬರುತ್ತದೆ, ಮೀನಿನ ಹಿಂದೆ ಗಂಡು ಹಕ್ಕಿ ಬರುತ್ತದೆ. ಮತ್ತೆ, ಆ ದಿನ ಆಫೀಸಿಗೆ ರಜೆ ಇರಬೇಕು.

"ಮೊದಲಿನ ಎರಡು ದೇವರು ಕೊಟ್ಟಾನು. ಮೂರನೆಯದನ್ನು ಎಚ್‌ಆರ್ ಕೊಡಬೇಕಲ್ಲ ಮಾರಾಯ್ತಿ," ಎಂದು ನಗುತ್ತಿದ್ದರು.

ಅದು ಅವರು ನಗುತ್ತಿದ್ದ ಕಾಲದ ಮಾತು.

ಅಕ್ಕನ ಮಗಳು ಅಪ್ಪಿಯನ್ನು ನೋಡಿಕೊಳ್ಳಲು ನಾನು ದುಬೈಗೆ ಬಂದಿದ್ದೆ. ಅಕ್ಕ ಸಮೀಕ್ಷಾ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಭಾವನಿಗೆ ಸಿಲಿಕಾನ್ ಓಯಸಿಸ್‌ನಲ್ಲಿ ಅಕೌಂಟ್ಸ್ ಕೆಲಸ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆ. ರಾತ್ರಿ ಹಾಲ್‌ನಲ್ಲಿ ಸೋಫಾ ಬಿಡಿಸಿದರೆ ಅದು ನನ್ನದೂ ಅಪ್ಪಿಯದೂ ಹಾಸಿಗೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಈ ಊರಿನಲ್ಲಿ ಯಾರ ಜೊತೆ ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕೆಂದೇ ತಿಳಿಯದೆ, ಹೆಚ್ಚಾಗಿ ನೋಡುತ್ತಿದ್ದೆ.

ಭಾವ ಲ್ಯಾಪ್‌ಟಾಪ್ ತೆರೆದರೆ ಅಪ್ಪಿ ಅವರ ತೊಡೆಯೇರಿ ಕೂರುತ್ತಿದ್ದಳು. ಕಂಬದ ಮೇಲೆ ಕಡ್ಡಿಗಳನ್ನು ಒಟ್ಟಿ ಕಟ್ಟಿದ ದೊಡ್ಡ ಗೂಡು, ಅದರ ಅಂಚಿನಲ್ಲಿ ಬಿಳಿ ತಲೆಯ ಹಕ್ಕಿ.

"ಬಾಲ್ಡ್ ಈಗಲ್!" ಎನ್ನುತ್ತಿದ್ದಳು ಅಪ್ಪಿ. "ಇಟ್ಸ್ ಇನ್ ಮೈ ಬುಕ್, ಡ್ಯಾಡಿ."

"ಅದು ಅಮೆರಿಕದ್ದು ಮಗಾ. ತಲೆ ಬಿಳಿ ಇದ್ದದ್ದೆಲ್ಲ ಒಂದೇ ಅಲ್ಲ. ಇದಕ್ಕೆ ಕಣ್ಣಿಂದ ಕುತ್ತಿಗೆವರೆಗೆ ಕಾಡಿಗೆ ಎಳೆದಿದ್ದಾರೆ, ನೋಡು."

"ಹೂ ಪುಟ್ ಇಟ್?"

"ಅದರ ಅಮ್ಮ."

ಅಬುಧಾಬಿಯ ಕರಾವಳಿಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಒಂದು ಹಿನ್ನೀರಿದೆ. ಆ ಗೂಡು ಇರುವುದು ಅಲ್ಲಿ. ಅದನ್ನು ಭಾವನಿಗೆ ತೋರಿಸಿಕೊಟ್ಟವರು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಕಾನ್ರಾಡ್. ಮೂಡುಬೆಳ್ಳೆ ಕಡೆಯ ಕ್ರಿಶ್ಚಿಯನ್ನರು, ಹೋಟೆಲೊಂದರ ಸ್ಟೋರ್ ನೋಡಿಕೊಳ್ಳುವವರು. ಭಾವನಿಗಿಂತ ಹದಿನೈದು ವರ್ಷ ದೊಡ್ಡವರು, ಎರಡರಷ್ಟು ಮಾತಿನವರು. ಗಂಡು ಹಕ್ಕಿ ಮೀನು ತಂದು ಗೂಡಿಗೆ ಇಳಿಯುವಾಗ ಮರಿಗಳು ಬಾಯಿ ತೆರೆದಿರುವ ಒಂದು ಫೋಟೋ ತೆಗೆಯಬೇಕೆಂದು ಇಬ್ಬರಿಗೂ ಆಸೆ. ಮರಿಗಳಿರುವ ಆರೇಳು ವಾರಗಳಲ್ಲಿ ನೀರು, ಬಿಸಿಲು, ರಜೆ ಮೂರೂ ಸೇರುವ ಶನಿವಾರ ಒಂದೋ ಎರಡೋ ಬರುತ್ತದೆ. ಅದು ತಪ್ಪಿದರೆ ಮುಂದಿನ ವರ್ಷ.

ಭಾವನ ಅಮ್ಮ ಊರಿನಲ್ಲಿ ತೀರಿಕೊಂಡಾಗ ಟಿಕೆಟು ಸಿಗದೆ, ಮಣ್ಣು ಕೊಡುವ ಹೊತ್ತಿಗೆ ಅವರು ತಲುಪಲಿಲ್ಲ. ಅಲ್ಲಿಂದ ಮರಳಿ ಬಂದ ಮೇಲೆ ಮಾತು ಕಡಿಮೆಯಾಯಿತು. ಊಟ ಮಾಡುತ್ತಾ ಗೋಡೆ ನೋಡುತ್ತಿದ್ದರು. ಶನಿವಾರ ಬಂದರೆ ಮಾತ್ರ ಕತ್ತಲಿರುವಾಗಲೇ ಎದ್ದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದರು. ಮುಖ ಸ್ವಲ್ಪ ಹಗುರಾಗಿರುತ್ತಿತ್ತು. ಅಕ್ಕನಿಗೆ ಆ ಹಗುರವೇ ಚುಚ್ಚಿತು.

"ಮನೆಯಲ್ಲಿ ಸೂತಕದ ಮುಖ, ಹೊರಗೆ ಹೋಗಿ ಬಂದರೆ ಮದುವೆಯ ಮುಖ," ಎಂದಳು ಒಂದು ದಿನ ನನ್ನೊಡನೆ, ಅಡುಗೆಮನೆಯಲ್ಲಿ. "ಎಂತಹ ಹಕ್ಕಿಯೋ ಅದು!"

ಅದೇ ವಾರ ಕಾನ್ರಾಡ್ ಅವರ ಹೆಂಡತಿ ಉರ್ಸುಲಾ ಬೇರೆ ಏನೋ ಕೇಳಲು ಫೋನ್ ಮಾಡಿದಾಗ, ಶನಿವಾರವೆಲ್ಲ ಕಾನ್ರಾಡ್ ಮನೆಯಲ್ಲೇ ಬಿದ್ದುಕೊಂಡಿದ್ದರು, ಸೊಂಟನೋವು ಎಂದರು. ಅಕ್ಕ ಫೋನ್ ಇಟ್ಟು ಕುರ್ಚಿ ಎಳೆದು ಕೂತಳು. ಭಾವ ಆ ಶನಿವಾರ ಹಿನ್ನೀರಿಗೆ ಹೋಗಿದ್ದರು, ಕಾನ್ರಾಡ್ ಜೊತೆಗೇ ಎಂದು ನಾವು ತಿಳಿದಿದ್ದೆವು.

ಇದಾದ ಮೇಲೆ ಅವಳು ಗೋಡೆಯ ಮೇಲಿನ, ತಿಥಿಗಳಿರುವ ಮಂಗಳೂರಿನ ಕ್ಯಾಲೆಂಡರ್ ನೋಡತೊಡಗಿದಳು.

ನಮ್ಮ ಅಪ್ಪ ಧರ್ಮಪಾಲ ಮಲ್ಪೆಯ ಹತ್ತಿರ ನದಿ ಕಡಲಿಗೆ ಸೇರುವಲ್ಲಿ ಬಲೆ ಬೀಸುವವರು. ಮೊಗವೀರರ ಮನೆಯ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ನೀರಿನ ಲೆಕ್ಕ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನಡು ಮಧ್ಯಾಹ್ನ ಭರತ. ಅಲ್ಲಿಂದ ಮುಂದೆ ತಿಥಿಗೆ ಎರಡು ಘಳಿಗೆಯಂತೆ, ಅಂದರೆ ಸುಮಾರು ಮುಕ್ಕಾಲು ಗಂಟೆಯಂತೆ ತಡ. ಹಾಗೆ ಎಣಿಸಿದರೆ ಅಷ್ಟಮಿಗೆ ಬೆಳಗಾಗುವಾಗ ನೀರು ತುಂಬಿ, ಬಿಸಿಲೇರಿದ ಹಾಗೆ ಇಳಿಯಬೇಕು. ಭಾವ ಮಾತ್ರ ಈ ಅಷ್ಟಮಿಯ ಶನಿವಾರ ಒಳ್ಳೆಯ ದಿನ, ಏಳು ಗಂಟೆಯ ಮೇಲೆ ನೀರು ಏರುತ್ತದೆ ಎಂದು ಹೇಳಿ ಹೋಗಿದ್ದರು. ಅಕ್ಕ ಬೆರಳು ಮಡಿಸಿ ಎರಡು ಸಲ ಎಣಿಸಿದಳು. ನಾನೂ ಮನಸ್ಸಿನಲ್ಲಿ ಎಣಿಸಿದೆ. ಸರಿಯಾಗಿಯೇ ಇತ್ತು.

ಸಾಲದೆಂದು ಊರಿಗೆ ಫೋನ್ ಮಾಡಿದಳು. ಯಾಕೆಂದು ಹೇಳಲಿಲ್ಲ.

"ಅಪ್ಪಾ, ಅಷ್ಟಮಿಗೆ ಬೆಳಿಗ್ಗೆ ಏಳರ ಮೇಲೆ ನೀರು ಏರ್ತದಾ ಇಳೀತದಾ?"

"ಇಳೀತದೆ. ಅದರಲ್ಲಿ ಎಂತ ಸಂಶಯ?" ಅಪ್ಪ ಫೋನಿನಲ್ಲೂ ದೋಣಿಯಲ್ಲಿ ನಿಂತವರ ಹಾಗೆ ಕೂಗುತ್ತಾರೆ. "ದುಬೈಗೆ ಹೋಗಿ ಅದನ್ನೂ ಮರೆತೆಯಾ? ಬಲೆ ಹಾಕ್ಲಿಕ್ಕೆ ಉಂಟಾ ಅಲ್ಲಿ?"

"ಇಲ್ಲಪ್ಪ. ಸುಮ್ಮನೆ."

"ಅಕ್ಕಾ," ಎಂದೆ ನಾನು, "ಭಾವನ ಶೂಸಿನಲ್ಲಿ ಕೆಸರು ಇರ್ತದೆ. ಕಾಂಡ್ಲಾದ ಕೆಸರು. ತೊಳೆಯುವಾಗ ವಾಸನೆ ಬರ್ತದೆ."

"ಕೆಸರು ಎಲ್ಲಿ ಬೇಕಾದರೂ ಸಿಗ್ತದೆ. ನೀನು ಸುಮ್ಮನಿರು, ಸಣ್ಣವಳು."

ಭಾವ ಬಂದು ಬ್ಯಾಗು ಇಳಿಸುವ ಮೊದಲೇ ಅವಳು ಕೇಳಿದಳು. "ಎಲ್ಲಿಗೆ ಹೋಗಿದ್ದು?"

"ಎಲ್ಲಿಗೆ ಅಂದರೆ? ಗೂಡಿನ ಹತ್ತಿರ."

"ನೀರಿತ್ತಾ?"

"ಇತ್ತು. ಏಳೂವರೆಗೆಲ್ಲ ಏರ್ಲಿಕ್ಕೆ ಶುರುವಾಯ್ತು. ಗಂಡು ಬಂತು, ಆದರೆ ಬೆನ್ನು ಹಾಕಿ ಕೂತಿತು. ಫೋಟೋ ಸಿಗ್ಲಿಲ್ಲ."

"ಅಷ್ಟಮಿಗೆ ಏಳೂವರೆಗೆ ಏರುವ ನೀರು ಯಾವ ಊರಿನದ್ದು?"

ಭಾವ ಮೊದಲು ನಕ್ಕರು. ಗೋಡೆಯ ಕ್ಯಾಲೆಂಡರನ್ನೂ ಅವಳನ್ನೂ ನೋಡಿ ನಗು ನಿಲ್ಲಿಸಿದರು. "ಇದು ನಿಮ್ಮಪ್ಪನ ಮಲ್ಪೆ ಅಲ್ಲ ಸಮೀಕ್ಷಾ."

"ನಮ್ಮಪ್ಪನನ್ನು ಎಳೀಬೇಡಿ. ಅವರು ಕಡಲಿಂದ ಅನ್ನ ತಿಂದವರು. ನೀವು ಕಂಪ್ಯೂಟರಿನಿಂದ ತಿಂದವರು. ಮೊನ್ನೆ ಒಂದು ಶನಿವಾರ ಕಾನ್ರಾಡ್ ಮನೆಯಲ್ಲೇ ಇದ್ದರಂತೆ. ನೀವು ಯಾರ ಜೊತೆ ಇದ್ದಿರಿ?"

"ಒಬ್ಬನೇ."

"ಹಾಗಾದರೆ ಮನೆಯ ದೈವದ ಹೆಸರು ಹಿಡಿದು ಪ್ರಮಾಣ ಮಾಡಿ."

ನಮ್ಮಲ್ಲಿ ಜಾಗದ ತಕರಾರಿಗೋ ಕಳವಿಗೋ ದೈವದೆದುರು ಪ್ರಮಾಣಕ್ಕೆ ಕರೆಯುತ್ತಾರೆ. ಕರೆದ ಮೇಲೆ ಎರಡು ಮನೆಗಳು ಮತ್ತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಗಂಡ ಹೆಂಡತಿಯ ನಡುವೆ ಯಾರೂ ಆ ಮಾತು ತೆಗೆಯುವುದಿಲ್ಲ. ಭಾವನ ಅಮ್ಮ ಬದುಕಿರುವವರೆಗೆ, ನಿಜವಿದ್ದರೂ ಆಣೆ ಹಾಕಬಾರದು ಎಂದು ಮಕ್ಕಳಿಗೆ ಕಲಿಸಿದವರು. ಅದು ಅಕ್ಕನಿಗೂ ಗೊತ್ತಿತ್ತು.

"ಒಂದು ಹಕ್ಕಿಗೋಸ್ಕರ ದೈವವನ್ನು ಎಳೀಬೇಡ," ಎಂದರು ಭಾವ, ತಗ್ಗಿದ ದನಿಯಲ್ಲಿ.

"ನಿಜ ಇದ್ದರೆ ಹೆದರಿಕೆ ಎಂತದ್ದು?"

"ನಾನು ಮಾಡುವುದಿಲ್ಲ."

"ಗೊತ್ತಾಯ್ತು ಬಿಡಿ."

ಅಪ್ಪಿ ಸೋಫಾದ ಹಿಂದೆ ನಿಂತು ಕಿವಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ನಾನು ಅವಳನ್ನು ಎತ್ತಿಕೊಂಡು ಕೆಳಗೆ ಪಾರ್ಕಿಗೆ ಹೋದೆ. ಮರಳಿ ಬರುವಾಗ ಭಾವ ಬಟ್ಟೆ ಮಡಿಸುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ನಿಂತು, ತಾನು ತಡೆಯಲೆಂದು ಅವರು ಕಾಯುತ್ತಿದ್ದಾರೆಂದು ತಿಳಿದೂ, ಈರುಳ್ಳಿ ಹೆಚ್ಚುತ್ತಲೇ ಇದ್ದಳು.

ಭಾವ ಅಬುಧಾಬಿಯಲ್ಲಿ ಹಲವರಿರುವ ಕೋಣೆಯೊಂದರಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದರು. ಮಗುವಿನ ಜೊತೆ ಮಾತ್ರ ಫೋನಿನಲ್ಲಿ ಮಾತು. ವರ್ಷ ಕಳೆಯಿತು. ಊರಿನಿಂದ ಎರಡೂ ಕಡೆಯ ಹಿರಿಯರು ಮಾತಾಡಿದರು, ಆದರೆ ಪ್ರಮಾಣದ ಮಾತು ಕಿವಿಗೆ ಬಿದ್ದ ಮೇಲೆ ಭಾವನ ಸೋದರಮಾವ ಮತ್ತೆ ಫೋನ್ ಎತ್ತಲಿಲ್ಲ. ಈ ಸಲದ ಫೆಬ್ರವರಿಯಲ್ಲಿ ಅಪ್ಪಿ ಫೋನ್ ಹಿಡಿದುಕೊಂಡು ಬಂದು, "ಡ್ಯಾಡಿ ಈಸ್ ಗೋಯಿಂಗ್ ಟು ಮಸ್ಕತ್. ಫಾರ್ ಜಾಬ್," ಎಂದಳು. ತಿಂಗಳ ಕೊನೆಗೆ ಹೊರಡುತ್ತಾರಂತೆ. ಅದಕ್ಕೆ ಮೊದಲು ಮದುವೆಯ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರಂತೆ.

ಅಕ್ಕ ಆ ದಿನ ಕ್ಲಿನಿಕ್ಕಿಗೆ ಹೋಗಲಿಲ್ಲ. ಮಧ್ಯಾಹ್ನ ಕಾನ್ರಾಡ್ ಅವರಿಗೆ ಫೋನ್ ಮಾಡಿದಳು. ನಾನು ಹತ್ತಿರವೇ ಕೂತಿದ್ದೆ.

"ನನಗೆ ಆ ಗೂಡು ನೋಡಬೇಕು. ಮುಂದಿನ ಶನಿವಾರ ಅಷ್ಟಮಿ ಉಂಟು. ಅಷ್ಟಮಿಗೇ ನೋಡಬೇಕು."

"ಬಾ ಬಾಯೆ," ಎಂದರು ಕಾನ್ರಾಡ್. ಅವರು ಎಲ್ಲ ಹೆಂಗಸರನ್ನೂ ಬಾಯೆ ಎಂದೇ ಕರೆಯುತ್ತಾರೆ. "ಮರಿಗೆ ಐದು ವಾರ ಆಯ್ತು, ಸರಿಯಾದ ಟೈಮು. ಏಳೂವರೆಗೆ ಬಂದರೆ ಸಾಕು. ನೀರು ಆಮೇಲೆಯೇ ಬರುವುದು."

"ನಾನು ಆರು ಗಂಟೆಗೆ ಬರ್ತೇನೆ."

"ಆರಕ್ಕೆ ಎಂತ ಉಂಟು? ಕೆಸರು ಉಂಟು. ನೀರು ಮಾಫಿ, ಇಲ್ಲವೇ ಇಲ್ಲ."

"ಆಗ ನೀರು ತುಂಬಿರಬೇಕು," ಎಂದಳು ಅಕ್ಕ.

ಆಗ ನನಗೆ ಅರ್ಥವಾಯಿತು. ಆರು ಗಂಟೆಗೆ ಹಿನ್ನೀರು ತುಂಬಿರುವುದನ್ನು ಅವಳು ಕಣ್ಣಾರೆ ನೋಡಬೇಕು, ಏಳೂವರೆಗೆ ಅದು ಇಳಿಯುವುದನ್ನೂ ನೋಡಬೇಕು. ನೋಡಿದರೆ, ಭಾವ ಹೇಳಿದ್ದು ಸುಳ್ಳೇ ಎಂದುಕೊಂಡು, ಹೋಗುವವನನ್ನು ಹೋಗಲು ಬಿಡಬಹುದು. ಹಾಗಾಗದಿದ್ದರೆ ಏನೆಂದು ಅವಳು ಯೋಚಿಸಿದ್ದಳೋ ಇಲ್ಲವೋ, ನನಗೆ ಹೇಳಲಿಲ್ಲ.

ಶನಿವಾರ ಅಪ್ಪಿಯನ್ನು ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಹೊರಟೆವು. ಅಕ್ಕನೇ ಕಾರು ಓಡಿಸಿದಳು. ಪೆಟ್ರೋಲ್ ಪಂಪಿನ ಹತ್ತಿರ ಕಾನ್ರಾಡ್ ನಮ್ಮ ಕಾರಿಗೆ ಹತ್ತಿದರು. ಫ್ಲಾಸ್ಕು, ಕ್ಯಾಮೆರಾ, ಒಂದು ಪೊಟ್ಟಣ ಬನ್ಸ್.

"ಉರ್ಸುಲಾ ಕಟ್ಟಿ ಕೊಟ್ಟದ್ದು. ಅವಳೇ ಬರ್ಲಿಕ್ಕಿತ್ತು. ಆದರೆ ಅವಳಿಗೆ ಹಕ್ಕಿ ಅಂದರೆ ಬಾಣಲೆಗೆ ಹಾಕಿ ಸುಕ್ಕ ಮಾಡ್ಲಿಕ್ಕೆ ಆಗುವಂಥದ್ದು ಮಾತ್ರ."

ಯಾರೂ ನಗಲಿಲ್ಲ. ಅವರು ತಮ್ಮಷ್ಟಕ್ಕೆ ಸ್ವಲ್ಪ ನಕ್ಕರು.

ದಾರಿ ಬಿಟ್ಟು ಮರಳಿನಲ್ಲಿ ಸ್ವಲ್ಪ ದೂರ ಹೋಗಿ ಕಾರು ನಿಲ್ಲಿಸಿದೆವು. ಒಂದು ತಗ್ಗು ದಾಟಿ ದಿಬ್ಬ ಹತ್ತಬೇಕು. ಅಲ್ಲಿಂದಾಚೆ ಹೋಗಬಾರದು, ಹೋದರೆ ಹಕ್ಕಿ ಗೂಡು ಬಿಟ್ಟೀತು ಎಂದು ಭಾವನೇ ಅಲ್ಲಿ ಕಲ್ಲು ಜೋಡಿಸಿ ಗುರುತು ಮಾಡಿದ್ದರಂತೆ. ಬೆಳಕು ಬಂದಾಗ ನೋಡಿದರೆ, ಮುಂದೆ ಎಲ್ಲಿಯವರೆಗೂ ಕಂದು ಕೆಸರು. ಕಾಂಡ್ಲಾದ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ನಿಂತಿದ್ದವು. ನಡುವೆ ಕಂಬ, ಕಂಬದ ಮೇಲೆ ಗೂಡು, ಗೂಡಿನ ಅಂಚಿನಲ್ಲಿ ಹೆಣ್ಣು ಹಕ್ಕಿ. ನೀರು ಎಂಬುದು ದೂರದಲ್ಲಿ ಒಂದು ಗೆರೆ ಮಾತ್ರ.

ಅಕ್ಕ ಗಡಿಯಾರ ನೋಡಿದಳು. "ಇಳಿದು ಹೋಯ್ತಾ?"

"ಇಳಿದು ಯಾವಾಗಲೋ ಆಯ್ತು. ಇನ್ನು ಏರುವುದು," ಎಂದರು ಕಾನ್ರಾಡ್.

"ಅಷ್ಟಮಿಗೆ ಈಗಷ್ಟೇ ಇಳಿಯಲಿಕ್ಕೆ ಶುರುವಾಗಬೇಕು."

"ಅದು ಊರಿನ ಕಡಲಿಗೆ ಬಾಯೆ. ಈ ಕಡಲಿನ ಗುಣವೇ ಬೇರೆ. ಅದೂ ಅಲ್ಲದೆ ಇಲ್ಲಿಗೆ ನೀರು ನೇರ ಬರುವುದಿಲ್ಲ. ಅಷ್ಟೂ ದ್ವೀಪಗಳ ಸಂದಿಯಲ್ಲಿ ನುಸುಳಿ ಸುತ್ತು ಹಾಕಿ ಬರಬೇಕು. ಹೊರಗೆ ಏರಿ ಎಷ್ಟೋ ಹೊತ್ತಿನ ಮೇಲೆ ಇಲ್ಲಿ ಏರುವುದು. ನಾನೂ ಮೊದಲ ವರ್ಷ ಊರಿನ ಲೆಕ್ಕ ಹಾಕಿ ಬಂದು ಬರಿ ಕೆಸರಿನ ಫೋಟೋ ತೆಗೆದುಕೊಂಡು ಹೋದವನೇ."

ಅಕ್ಕ ನೀರಿನ ಗೆರೆಯ ಮೇಲೆ ಕಣ್ಣಿಟ್ಟು ನಿಂತಳು.

ಅಪ್ಪಿ ದಿಬ್ಬದ ಹಿಂದೆ ಓಡಿದವಳು ಕೂಗಿದಳು. "ಚಿಕ್ಕಮ್ಮಾ, ಮೈ ಬಕೆಟ್!"

ಕಲ್ಲಿನ ಗುರುತಿನ ಪಕ್ಕ ಒಂದು ಬಕೆಟ್ ಕವುಚಿ ಹಾಕಿತ್ತು. ಬಿಸಿಲಿಗೆ ಬಣ್ಣ ಹೋಗಿತ್ತು. ಅಪ್ಪಿ ಅಂಟಿಸಿದ ಚಿಟ್ಟೆ ಸ್ಟಿಕ್ಕರುಗಳ ಅಂಚು ಮಾತ್ರ ಉಳಿದಿತ್ತು. ತಳ ಕೂತು ಕೂತು ಸ್ವಲ್ಪ ತಗ್ಗಾಗಿತ್ತು.

"ಅದು ರೋಷನ್‌ನ ಸಿಂಹಾಸನ," ಎಂದರು ಕಾನ್ರಾಡ್. "ನನ್ನ ಸೊಂಟಕ್ಕೆ ಅದರ ಮೇಲೆ ಕೂರ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಅವನು ಒಬ್ಬನೇ ಬರ್ತಿದ್ದದ್ದೂ ಉಂಟು. ನಿಜ ಹೇಳಬೇಕಾದರೆ ಸೊಂಟಕ್ಕಲ್ಲ, ನನ್ನ ಬಾಯಿಗೆ ಹೆದರಿ. ನಿಮ್ಮ ಜೊತೆ ಬಂದರೆ ಹಕ್ಕಿಗೂ ತಲೆನೋವು ಬರ್ತದೆ ಅಂತಿದ್ದ. ಇಲ್ಲಿ ಕೂತರೆ ಅಮ್ಮ ಪಕ್ಕ ಕೂತ ಹಾಗಾಗ್ತದೆ ಅಂತಲೂ ಒಮ್ಮೆ ಹೇಳಿದ. ಮತ್ತೆ ಎಂತ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅಕ್ಕ ಅಪ್ಪಿಯ ಎದುರು ಮೊಣಕಾಲೂರಿದಳು. "ಈ ಬಕೆಟ್ ಇಲ್ಲಿ ಉಂಟು ಅಂತ ನಿನಗೆ ಗೊತ್ತಿತ್ತಾ?"

"ಡ್ಯಾಡಿ ಆಸ್ಕ್ಡ್ ಮಿ. ಟು ಸಿಟ್ ನಿಯರ್ ದ ಬರ್ಡ್. ಐ ಗೇವ್."

"ನನಗೆ ಯಾಕೆ ಹೇಳ್ಲಿಲ್ಲ?"

ಅಪ್ಪಿ ಅಳುಮುಖ ಮಾಡಿದಳು. "ಯೂ ಡಿಡಂಟ್ ಆಸ್ಕ್."

ಏಳೂವರೆಯ ಹೊತ್ತಿಗೆ ನೀರು ಬಂತು. ಸದ್ದಿಲ್ಲದೆ, ಕೆಸರಿನ ಸಣ್ಣ ಸಣ್ಣ ಚರಂಡಿಗಳಲ್ಲಿ ಬೆರಳು ಚಾಚಿದ ಹಾಗೆ ಮೊದಲು ಬಂತು. ಆಮೇಲೆ ಬೇರುಗಳ ನಡುವೆ ಹರಡಿತು. ಏಡಿಗಳು ಬಿಲಕ್ಕೆ ಇಳಿದವು. ಚಿಕ್ಕಂದಿನಿಂದ ನೋಡಿದ ನೀರು. ಊರಿನಲ್ಲಿ ಇದು ಬರುವುದನ್ನು ನೋಡಿದರೆ ಸಂತೋಷವಾಗುತ್ತಿತ್ತು. ಈಗ ಅದನ್ನು ಎರಡು ಕೈಗಳಿಂದ ಹಿಂದಕ್ಕೆ ತಳ್ಳಬೇಕೆನ್ನಿಸಿತು. ಅಕ್ಕನ ಮುಖ ನೋಡಲಾಗಲಿಲ್ಲ.

ನೀರಿನ ಜೊತೆ ಮಾಲೆ ಮೀನಿನ ಹಿಂಡು ಬಂತು. ಮೇಲೆ ಎಲ್ಲಿಂದಲೋ ಗಂಡು ಹಕ್ಕಿ ಬಂದು ಒಂದು ಸುತ್ತು ಹಾಕಿತು, ಕಾಲು ಮುಂದೆ ಚಾಚಿ ಬಿತ್ತು, ನೀರು ಕೊಡವಿ ಎದ್ದಿತು. ಗೂಡಿನಲ್ಲಿ ಎರಡು ತಲೆಗಳು ಮೇಲೆದ್ದವು. ಓರೆ ಬಿಸಿಲಿನಲ್ಲಿ ಬಾಯಿಯ ಒಳಗಿನ ಕೆಂಪು ಸಹ ಕಂಡಿತು. ಕಾನ್ರಾಡ್ ಅವರ ಕ್ಯಾಮೆರಾ ಬಿಡದೆ ಸದ್ದು ಮಾಡಿತು.

"ಸಿಕ್ಕಿತು!" ಎಂದರು ಅವರು. ಕಣ್ಣು ಒದ್ದೆಯಾಗಿತ್ತು. "ಇದು ಅವನು ತೆಗೆಯಬೇಕಿದ್ದ ಫೋಟೋ. ಈ ವರ್ಷ ಒಂದು ದಿನವೂ ಬರಲಿಲ್ಲ. ಲೆನ್ಸನ್ನೂ ಮಾರಿದ."

ಅಕ್ಕ ಅಲ್ಲಿಯೇ ನಿಂತು ಭಾವನಿಗೆ ಫೋನ್ ಮಾಡಿದಳು. ಗಾಳಿ ಇದ್ದುದರಿಂದ ಸ್ಪೀಕರ್ ಹಾಕಿದ್ದಳು. ಕಾನ್ರಾಡ್ ಅಪ್ಪಿಯ ಕೈ ಹಿಡಿದು ದಿಬ್ಬದ ಆಚೆ ಹೋದರು. ನಾನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತೆ.

"ಹೇಳು. ಅಪ್ಪಿಗೆ ಹುಷಾರುಂಟಾ?"

"ಉಂಟು. ನಾನು ಗೂಡಿನ ಹತ್ತಿರ ಇದ್ದೇನೆ. ಇಲ್ಲಿ ನೀರು ಏರ್ತಾ ಉಂಟು. ಇವತ್ತು ಅಷ್ಟಮಿ."

"ಮರಿ ಎಷ್ಟು ಉಂಟು?" ಎಂದು ಕೇಳಿದರು.

"ಎರಡು." ಅಕ್ಕ ಫೋನನ್ನು ಬಾಯಿಗೆ ಇನ್ನೂ ಹತ್ತಿರ ತಂದಳು. "ನಂದು ತಪ್ಪಾಯ್ತು. ಮನೆಗೆ ಬನ್ನಿ. ಪ್ರಮಾಣ ಗಿಮಾಣ ಎಂತದೂ ಬೇಡ. ನಾನು ನಂಬ್ತೇನೆ."

"ನೀರು ನೋಡಿದ ಮೇಲೆ ನಂಬ್ತಾ ಇದ್ದೀ."

"ಹೌದು. ನೋಡಿದ ಮೇಲೆ."

"ನಾನು ನಿನ್ನೆದುರು ನಿಂತಿದ್ದೆ ಸಮೀಕ್ಷಾ. ಆಗ ನನ್ನನ್ನೇ ನೋಡಿ ನಂಬಬೇಕಿತ್ತು." ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. "ನಾಳೆ ಇನ್ನೊಂದು ಲೆಕ್ಕ ತಪ್ಪಿದರೆ ಮತ್ತೆ ದೈವದ ಹೆಸರು ಬರ್ತದೆ. ಆ ಹೆದರಿಕೆ ಇಟ್ಟುಕೊಂಡು ಒಂದೇ ಮನೆಯಲ್ಲಿ ಇರ್ಲಿಕ್ಕೆ ನನಗೆ ಆಗುವುದಿಲ್ಲ. ಒಂದು ವರ್ಷ ನಾನು ಪ್ರಯತ್ನ ಮಾಡಿದೆ. ನೀನು ಒಮ್ಮೆ ಕರೀತಿ ಅಂತ ಕಾದೆ. ಈಗ ಆಗುವುದಿಲ್ಲ."

"ಅಪ್ಪಿಗೋಸ್ಕರ..."

"ಅಪ್ಪಿಗೆ ನಾನು ಯಾವಾಗಲೂ ಇರ್ತೇನೆ. ಹೆಣ್ಣು ಹಕ್ಕಿಯ ಹತ್ತಿರ ಹೋಗಬೇಡಿ, ಆಯ್ತಾ. ಅದು ಎದ್ದು ಹೋದರೆ ಬಿಸಿಲಿಗೆ ಮರಿ ಒಣಗ್ತದೆ." ಮತ್ತೇನೋ ಹೇಳಲು ಹೊರಟವರು ಹೇಳದೆ ಫೋನ್ ಇಟ್ಟರು.

ಕಾನ್ರಾಡ್ ದಿಬ್ಬದ ಆಚೆಯಿಂದ ಗಾಬರಿಯಲ್ಲಿ ಬಂದರು. "ಬಾಯೆ, ಖಲಾಸ್. ಮಾತಿನಲ್ಲಿ ಲಕ್ಷ್ಯ ಹೋಗಲಿಲ್ಲ, ಕಾರಿನ ಕಡೆಯ ತಗ್ಗಿನಲ್ಲಿ ಸೊಂಟದವರೆಗೆ ನೀರು ತುಂಬಿತು. ಮಗುವನ್ನು ಕರೆದುಕೊಂಡು ದಾಟ್ಲಿಕ್ಕೆ ಆಗುವುದಿಲ್ಲ. ಇಳಿಯುವವರೆಗೆ ಇಲ್ಲೇ ಕೂರಬೇಕು."

"ಎಷ್ಟು ಹೊತ್ತು?"

"ಮಧ್ಯಾಹ್ನ ದಾಟ್ತದೆ."

ಅಕ್ಕ ತಲೆಯಾಡಿಸಿದಳು. ಬಕೆಟಿನ ಮೇಲೆ ಕೂತಳು. ಅಪ್ಪಿ ಬಂದು ಅವಳ ಮಡಿಲಲ್ಲಿ ತಲೆಯಿಟ್ಟಳು. ನಾನು ದುಪಟ್ಟಾ ಬಿಚ್ಚಿ ಮಗುವಿನ ಮುಖಕ್ಕೆ ನೆರಳು ಮಾಡಿದೆ. ಕಾನ್ರಾಡ್ ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟರು.

ಚಾ ಆರುವವರೆಗೆ ಅಕ್ಕ ಲೋಟ ಹಿಡಿದೇ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು.

"ಅಪ್ಪನಿಗೆ ಹೇಳಬೇಡ, ಆಯ್ತಾ. ಇಲ್ಲಿಯ ನೀರು ಬೇರೆ ಅಂತ ಯಾವತ್ತೂ ಹೇಳಬೇಡ."

"ಇಲ್ಲ ಅಕ್ಕಾ."

"ನಾನು ಯಾಕೆ ಕೇಳಿದ್ದು ಅಂತ ಆಮೇಲೆ ಅವರಿಗೆ ಗೊತ್ತಾಗ್ತದೆ. ಅಳಿಯ ಸುಳ್ಳ ಅಂತಲೇ ಇರಲಿ. ಮಗಳ ಮನೆ ಒಡೆದದ್ದು ಅವರು ಹೇಳಿದ ಮಾತಿನಿಂದ ಅಂತ ಆಗುವುದು ಬೇಡ."

ನಾನು ಆಗಲಿ ಎಂದೆ. ಭಾವನ ಹೆಸರು ಊರಿನಲ್ಲಿ ಇನ್ನು ಹಾಗೆಯೇ ಉಳಿಯುತ್ತದೆ, ಊರಿನವರು ನಂಬುವ ಹಾಗೆ ಅದನ್ನು ಸರಿ ಮಾಡಬಲ್ಲವರು ನಾವಿಬ್ಬರೇ, ನಾವಿಬ್ಬರೂ ಬಾಯಿ ಬಿಡುವುದಿಲ್ಲ. ಗೂಡಿನಲ್ಲಿ ಹೆಣ್ಣು ಹಕ್ಕಿ ರೆಕ್ಕೆ ಅರ್ಧ ಬಿಡಿಸಿ ಮರಿಗಳ ಮೇಲೆ ನೆರಳು ಹಿಡಿದು ನಿಂತಿತ್ತು. ನೀರು ಇನ್ನೂ ಏರುತ್ತಿತ್ತು.